ತೋಳು ಬಂತು, ಮಂಡಿ ಬರಲಿಲ್ಲ

ಈ ಪ್ರಪಂಚದಲ್ಲಿ ಅರ್ಜಿ ಹಾಕದೆ, ಪರೀಕ್ಷೆ ಬರೆಯದೆ, ಯಾರ ಕೈಕಾಲೂ ಹಿಡಿಯದೆ ಸಿಗುವ ಹುದ್ದೆ ಒಂದೇ ಒಂದು. ಅದು ಸೋದರಮಾವನ ಹುದ್ದೆ! ನಮ್ಮಕ್ಕ ಗೌರಮ್ಮ ಆಸ್ಪತ್ರೆಯ ಒಳಗೆ ಹೆಣ್ಣುಮಗು ಹೆತ್ತಾಗ ನಾನು ಹೊರಗೆ ನಿಂತು ಬಾಳೆಹಣ್ಣು ತಿನ್ನುತ್ತಿದ್ದೆ. ಹಣ್ಣು ಮುಗಿಯುವಷ್ಟರಲ್ಲಿ ನನ್ನ ನೇಮಕಾತಿ ಆಗಿಹೋಗಿತ್ತು.

ಈ ಹುದ್ದೆಗೆ ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯೂ ಇಲ್ಲ. ಆದರೆ ನಮ್ಮ ಕಡೆ ಇದಕ್ಕೊಂದು ದೊಡ್ಡ ಹಕ್ಕಿದೆ. ಮದುವೆಯ ದಿನ ಹೆಣ್ಣನ್ನು ಕೋಣೆಯ ಬಾಗಿಲಿನಿಂದ ಎರಡೂ ತೋಳುಗಳಲ್ಲಿ ಎತ್ತಿಕೊಂಡು, ಮಂಟಪಕ್ಕೆ ಒಂದು ಸುತ್ತು ಬಂದು, ಹಸೆಮಣೆಯ ಮೇಲೆ ಕೂರಿಸುವವನು ಸೋದರಮಾವ. ದಾರಿಯಲ್ಲಿ ಹೆಣ್ಣಿನ ಕಾಲು ನೆಲಕ್ಕೆ ತಾಗಬಾರದು. ವಾಲಗ ಊದುತ್ತಿರುತ್ತದೆ, ಎಲ್ಲರ ಮೊಬೈಲುಗಳೂ ಮೇಲೇರಿರುತ್ತವೆ, ಮದುವೆ ಗಂಡಿಗೂ ಆ ಹೊತ್ತಿನಲ್ಲಿ ಅಷ್ಟು ಮರ್ಯಾದೆ ಇರುವುದಿಲ್ಲ. ಆ ನಾಲ್ಕು ನಿಮಿಷಕ್ಕಾಗಿ ನಾನು ಅಕ್ಕನ ಮಗಳು ರಂಜು ಹುಟ್ಟಿದಾಗಿನಿಂದ ಕಾಯುತ್ತಿದ್ದೆ. ನನಗೆ ಮಕ್ಕಳಿಲ್ಲ. ರಂಜು ಎಂದರೆ ನನಗೆ ಪ್ರಾಣ.

ಅಂಥ ರಂಜುವಿಗೆ ಗಂಡು ಗೊತ್ತಾಯಿತು. ಸಾತನೂರಿನ ಅಕ್ಕನ ಮನೆಯಲ್ಲಿ ನಿಶ್ಚಿತಾರ್ಥ ಮುಗಿದು, ಎಲ್ಲರೂ ಊಟಕ್ಕೆ ಕೂತಿದ್ದೆವು. ಕುದೂರಿನಿಂದ ಬಂದಿದ್ದ ನಮ್ಮ ಚಿಕ್ಕಪ್ಪನ ಮಗ ಕುಮಾರ ನನ್ನ ಎದುರಿಗೇ ಕೂತಿದ್ದ. ಅವನಿಗೆ ಕುರಿ ಮಂದೆ ಇದೆ. ಕುಂಟುವ ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡು ಗುಡ್ಡ ಇಳಿಯುವ ಆಸಾಮಿ. ಅವನು ನನ್ನ ಹೊಟ್ಟೆಯನ್ನೂ ನನ್ನ ತೋಳನ್ನೂ ಒಂದಾದಮೇಲೆ ಒಂದು ನೋಡಿ, ಹಪ್ಪಳ ಮುರಿಯುತ್ತ ಅಂದ:

"ಮಾದೇವಣ್ಣ, ನೀನು ತಲೆ ಕೆಡುಸ್ಕಬೇಡ ಕಣಣ್ಣ. ಹೆಣ್ಣ ನಾನೇ ಎತ್ತುತೀನಿ. ನಾನೂ ಮಾವನೇ ತಾನೇ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನ್ನ ಹೆಂಡತಿ ಸುಜಾತ ಎಲ್ಲರಿಗಿಂತ ಒಸಿ ಹೆಚ್ಚೇ ನಕ್ಕಳು.

"ಲೇ ಕುಮಾರ, ಮದ್ವೆ ದಿನ ಬಾರ್ಲಾ, ನೋಡುವಂತೆ ಈ ಮಾದೇವನ್ನ!" ಎಂದು ಎಲೆಯ ಮುಂದೆಯೇ ಗುಡುಗಿದೆ. ಗುಡುಗುವಾಗ ಶರಟಿನ ಮಧ್ಯದ ಗುಂಡಿಯೊಂದು ಕಿತ್ತುಕೊಂಡು ಕುಮಾರನ ಸಾರಿನೊಳಗೆ ಬಿತ್ತು. ಪ್ರತಿಜ್ಞೆಗೆ ಇಷ್ಟು ಬೇಗ ವಿಘ್ನ ಬರುತ್ತದೆಂದು ಯಾರು ಕಂಡಿದ್ದರು!

ನಿಜ ಹೇಳಬೇಕೆಂದರೆ ಅವನ ಮಾತಿನಲ್ಲಿ ಹುರುಳಿತ್ತು. ಕನಕಪುರದ ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ರಾತ್ರಿ ಷಟರ್ ಎಳೆಯುವಾಗಲೇ ಏಳುವುದು. ಮೇಲಿನ ಪಾತ್ರೆಯನ್ನು ತೆಗೆಯಲು ಉದ್ದ ಕೋಲಿದೆ, ಕೆಳಗಿನದನ್ನು ಗಿರಾಕಿಯೇ ತೆಗೆದುಕೊಳ್ಳುತ್ತಾನೆ. ಹೀಗಾಗಿ ನನ್ನ ದೇಹದಲ್ಲಿ ಬಾಯೊಂದನ್ನು ಬಿಟ್ಟರೆ ಮಿಕ್ಕ ಭಾಗಗಳು ದೀರ್ಘ ವಿಶ್ರಾಂತಿಯಲ್ಲಿದ್ದವು.

ಮಾರನೆಯ ದಿನವೇ ಜಿಮ್ಮಿಗೆ ಸೇರಿದೆ! ಅದು ನಮ್ಮ ಬೀದಿಯ ಕೊನೆಯ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಒಳಗೆ ಕಾಲಿಟ್ಟರೆ ನಾಲ್ಕೂ ಗೋಡೆಗೆ ಕನ್ನಡಿ. ಎಲ್ಲಿ ನೋಡಿದರೂ ನಾನೇ! ಒಬ್ಬ ಮಾದೇವನನ್ನೇ ಸಹಿಸುವುದು ಕಷ್ಟ ಎನ್ನುತ್ತಿದ್ದ ಸುಜಾತ ಅಲ್ಲಿಗೆ ಬಂದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು.

ಕೋಚ್ ಪವನ್ ನನ್ನನ್ನು ಸುತ್ತಲೂ ಒಂದು ಸಲ ನೋಡಿ ಕೇಳಿದ: "ಏನ್ ಸಾರ್ ನಿಮ್ಮ ಗುರಿ?"

"ಮದುವೆ."

"ಈ ವಯಸ್ಸಲ್ಲಾ?"

"ನಂದಲ್ಲಪ್ಪ! ನಮ್ಮಕ್ಕನ ಮಗಳದು. ನಾನು ಹೆಣ್ಣನ್ನ ಎತ್ತಬೇಕು. ನಂಗೆ ತೋಳು ಬೇಕು."

"ಎತ್ತಕ್ಕೆ ಕಾಲು, ಸೊಂಟ, ಬೆನ್ನು ಎಲ್ಲ ಬೇಕಾಯ್ತದೆ ಸಾರ್. ಮೊದ್ಲು ಕಾಲಿಂದ ಶುರು ಮಾಡವ."

ಪಾಪ, ಅವನಿಗೆ ಮದುವೆಮನೆಯ ಅನುಭವ ಕಡಿಮೆ. ನಾನು ಒಬ್ಬ ವ್ಯಾಪಾರಿಯಾಗಿ ಲೆಕ್ಕ ಹಾಕಿಯೇ ಬಂದಿದ್ದೆ. ಫೋಟೋಗ್ರಾಫರ್ ಎದುರಿನಿಂದ ತೆಗೆಯುತ್ತಾನೆ, ಆದ್ದರಿಂದ ಬೆನ್ನಿನ ಅಗತ್ಯವಿಲ್ಲ. ನಾನು ಪಂಚೆ ಉಡುತ್ತೇನೆ, ಆದ್ದರಿಂದ ಕಾಲಿನ ಅಗತ್ಯವಿಲ್ಲ. ಹೊಟ್ಟೆಯ ಮುಂದೆ ಹೆಣ್ಣೇ ಇರುತ್ತಾಳೆ, ಆದ್ದರಿಂದ ಹೊಟ್ಟೆ ಇದ್ದರೂ ಬಾಧಕವಿಲ್ಲ. ಉಳಿಯುವುದು ತೋಳು. ಜೊತೆಗೆ ಬೇಕಿದ್ದರೆ ಸ್ವಲ್ಪ ಎದೆ. ಕಾಣದ ಸರಕನ್ನು ಯಾವ ಅಂಗಡಿಯವನು ತಾನೇ ಒರೆಸುತ್ತಾನೆ?

ಹೀಗೆ ನನ್ನ ತೋಳಿನ ಯುಗ ಆರಂಭವಾಯಿತು. ಪವನ್ ಕಾಲಿನ ವ್ಯಾಯಾಮ ಎಂದ ದಿನವೆಲ್ಲ ನನಗೆ ಅಂಗಡಿಯಲ್ಲಿ ತುರ್ತು ಕೆಲಸ ಬರುತ್ತಿತ್ತು. ಮೆಟ್ಟಿಲು ಹತ್ತಿಯೇ ಬಂದಿದ್ದೇನಲ್ಲ, ಕಾಲಿಗೆ ಅಷ್ಟು ಸಾಕು ಎಂದುಬಿಡುತ್ತಿದ್ದೆ. ಮಿಕ್ಕ ದಿನ ಕನ್ನಡಿಯ ಮುಂದೆ ನಿಂತು ಡಂಬೆಲ್ ಎತ್ತುವುದು, ತೋಳು ಮಡಚುವುದು, ಊದಿದೆಯೇ ಎಂದು ನೋಡುವುದು, ಊದದಿದ್ದರೆ ಉಸಿರು ಬಿಗಿಹಿಡಿದು ಮತ್ತೆ ನೋಡುವುದು. ಕೆಲವು ತಿಂಗಳಲ್ಲಿ ತೋಳು ನಿಜಕ್ಕೂ ಬಂತು! ಎಳನೀರಿನ ಗಾತ್ರಕ್ಕೆ ಬಂತು! ನಾನು ಅದರ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಅಕ್ಕ ಕೈಮುಗಿಯುವ ಚಿತ್ರ ಕಳಿಸಿದಳು. ಕುಮಾರ ಮಾತ್ರ "ಯಾರದಣ್ಣ ಇದು?" ಎಂದು ಬರೆದ.

ಮನೆಯಲ್ಲಿ ಪರಿಸ್ಥಿತಿ ಬೇರೆಯಿತ್ತು. ಮೊಳಕೆ ಹೆಸರುಕಾಳು ತಿಂದು ತಿಂದು ನಾನು ಮಾತನಾಡುವುದಕ್ಕಿಂತ ತೇಗುವುದೇ ಹೆಚ್ಚಾಯಿತು. ಎದೆ ಬಿಗಿದು, ಕೈ ಹಿಂದಕ್ಕೆ ಹೋಗುವುದನ್ನು ನಿಲ್ಲಿಸಿತು. ಒಂದು ದಿನ ಸ್ನಾನದ ಮನೆಯಿಂದ ಕೂಗಿದೆ:

"ಸುಜಾತಾ, ಒಸಿ ಬೆನ್ನು ಉಜ್ಜು ಬಾರೇ."

"ಯಾಕೆ, ಅಷ್ಟು ದೊಡ್ಡ ತೋಳು ಏನ್ ಕಡ್ದು ಕಟ್ಟೆ ಹಾಕ್ತಾ ಐತೆ?"

"ತಲುಪ್ತಾ ಇಲ್ಲ ಕಣೇ!"

ಅವಳು ಬಂದು ಬೆನ್ನು ಉಜ್ಜಿ ಹೇಳಿದಳು: "ರೀ, ಮೊದ್ಲು ಕೈ ಸಣ್ಣಗಿತ್ತು, ಬೆನ್ನಿಗೆ ಹೋಯ್ತಿತ್ತು. ಈಗ ದಪ್ಪ ಆಗೈತೆ, ಹೋಯ್ತಿಲ್ಲ. ಇದಕ್ಕೆ ನೀವು ಬೆಳಿಗ್ಗೆ ಎದ್ದು ಹೋಗ್ಬೇಕಾ?"

ಅಸೂಯೆ ಎಂದುಕೊಂಡು ಮೈಗೆ ನೀರು ಹುಯ್ದುಕೊಂಡೆ.

ಇಷ್ಟರಲ್ಲಿ ರಂಜು ಒಂದು ಶನಿವಾರ ಅಂಗಡಿಗೆ ಬಂದಳು. ಅವಳು ಚನ್ನಪಟ್ಟಣದ ಒಂದು ಶಾಲೆಯಲ್ಲಿ ಆಟ ಹೇಳಿಕೊಡುವ ಮೇಷ್ಟರು. ಕಬಡ್ಡಿ ಆಡಿದ ಹುಡುಗಿ, ಗಟ್ಟಿಮುಟ್ಟಾದ ಆಳು. ನಾನು ಶರಟಿನ ತೋಳು ಮೇಲೇರಿಸಿ ಪ್ರದರ್ಶನ ಕೊಟ್ಟೆ. ಅವಳು ಬೆರಳಿನಿಂದ ಒತ್ತಿ ನೋಡಿ, "ಸಕತ್ತಾಗೈತೆ ಮಾವ!" ಎಂದಳು. ನನಗೆ ಜನ್ಮ ಸಾರ್ಥಕವೆನಿಸಿತು. ಅಲ್ಲಿಗೇ ಅವಳು ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು.

"ಎಲ್ಲಿ, ಒಂದ್ಸಲ ಕುಕ್ಕರಗಾಲಲ್ಲಿ ಕುಂತ್ಕೊ ನೋಡವ."

"ಅದ್ಯಾಕೆ?"

"ಸುಮ್ನೆ ಕುಂತ್ಕೊ ಮಾವ."

ಕೂರಲು ಹೊರಟೆ. ಅರ್ಧ ದಾರಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಮಂಡಿಗಳು ಮುಷ್ಕರ ಹೂಡಿದವು. ಮೇಲೂ ಹೋಗದೆ ಕೆಳಗೂ ಇಳಿಯದೆ ನಡುವೆ ನಿಂತು, ಆಧಾರಕ್ಕೆಂದು ಕೈ ಚಾಚಿದೆ. ಕೈಗೆ ಸಿಕ್ಕಿದ್ದು ಸ್ಟೀಲ್ ಡಬರಿಗಳ ಗೋಪುರ! ಬೀದಿಯ ಆ ತುದಿಯಿಂದಲೂ ಜನ ಓಡಿ ಬಂದರು. ಡಬರಿಗಳ ಮಧ್ಯೆ ಮಲಗಿದ್ದ ನನ್ನನ್ನು ನೋಡಿ, ಪಕ್ಕದ ಬಳೆ ಅಂಗಡಿಯವರು "ಏನಾರ ಸೇಲ್ ಹಾಕೀರಾ?" ಎಂದು ಕೇಳಿದರು.

ರಂಜು ನಗುವನ್ನು ತಡೆದುಕೊಂಡು ನನ್ನನ್ನು ಎಬ್ಬಿಸಿದಳು. "ಮಾವ, ನೀನು ತೋಳೊಂದನ್ನೇ ಸಾಕಿದ್ದೀಯ. ಮೈ ಅಂದ್ರೆ ಬರೀ ತೋರ್ಸಕ್ಕಲ್ಲ, ಆಡಕ್ಕೆ. ಬಗ್ಗಬೇಕು, ಉರುಳಬೇಕು, ನೇತಾಡಬೇಕು, ತೆವಳಬೇಕು. ನಾಳೆ ಭಾನುವಾರ ನಮ್ ಸ್ಕೂಲ್ ಮೈದಾನಕ್ಕೆ ಬಾ."

"ನಾನು ಹೆಣ್ಣು ಎತ್ತಬೇಕಾದೋನು ಕಣವ್ವ, ತೆವಳಬೇಕಾದೋನಲ್ಲ!" ಎಂದು ಗಂಭೀರವಾಗಿ ನುಡಿದೆ. ಆದರೂ ಮುದ್ದಿನ ಹುಡುಗಿ ಕರೆದಾಗ ಹೋಗದಿರಲಾದೀತೇ? ಮಾರನೆಯ ಬೆಳಿಗ್ಗೆ ತೋಳು ಎದ್ದು ಕಾಣುವ ಬಿಗಿ ಟೀ ಶರಟು ತೊಟ್ಟು ಸಾತನೂರಿನ ಮೇಲೆ ಹೋಗುವ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದೆ.

ಮೈದಾನದಲ್ಲಿ ಮಕ್ಕಳಿದ್ದರು, ಮಕ್ಕಳನ್ನು ಬಿಡಲು ಬಂದ ತಾಯಂದಿರಿದ್ದರು, ಒಬ್ಬಿಬ್ಬರು ಅಜ್ಜಿಯರೂ ಇದ್ದರು. ಹೆಂಗಸರೂ ಸೀರೆ ಸಿಕ್ಕಿಸಿಕೊಂಡು, ಮಕ್ಕಳ ಜೊತೆ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದರು! ಆಮೇಲೆ ಕಪ್ಪೆಯ ಹಾಗೆ ನೆಗೆದರು. ಆಮೇಲೆ ಹುಲ್ಲಿನ ಮೇಲೆ ಉರುಳಿದರು. ಅಲ್ಲಿ ಕನ್ನಡಿ ಇರಲಿಲ್ಲ. ಯಾರೂ ಯಾರನ್ನೂ ನೋಡುತ್ತಲೂ ಇರಲಿಲ್ಲ. ಅಷ್ಟು ಕಷ್ಟಪಟ್ಟು ಬಿಗಿ ಟೀ ಶರಟು ಹಾಕಿಕೊಂಡು ಬಂದದ್ದು ದಂಡವಾಯಿತಲ್ಲ ಎಂದು ನನಗೆ ಬೇಸರ.

ರಂಜು ನನ್ನನ್ನು ಮೈದಾನದ ಅಂಚಿನ ಆಲದ ಮರದ ಕೆಳಗೆ ಕರೆದುಕೊಂಡು ಹೋಗಿ, ಒಂದು ಬಿಳಲು ಕೈಗೆ ಕೊಟ್ಟು, "ನೇತಾಡು" ಎಂದಳು. ಹಿಂದೆ ಮುಂದೆ ನೋಡಿ ನೇತುಬಿದ್ದೆ. ಕಾಲು ನೆಲ ಬಿಟ್ಟಿತು. ಅವಳು ಹಿಂದಿನಿಂದ ಒಂದು ತಳ್ಳು ತಳ್ಳಿದಳು. ಸುಂಯ್ಯೆಂದು ಹೋದೆ! ಸುಂಯ್ಯೆಂದು ಬಂದೆ! ಎಷ್ಟೋ ವರ್ಷಗಳಿಂದ ಮಾತೇ ಆಡದಿದ್ದ ಬೆನ್ನಿನ ಮೂಳೆಗಳು ಒಂದೊಂದಾಗಿ ಲಟಲಟನೆ ಮಾತಾಡಿದವು. ನನಗೆ ಗೊತ್ತಿಲ್ಲದೆಯೇ ಜೋರಾಗಿ ನಗು ಬಂತು. ಇಷ್ಟು ತಿಂಗಳು ಜಿಮ್ಮಿಗೆ ಹೋಗಿದ್ದೆ, ಒಂದು ದಿನವೂ ನಕ್ಕಿರಲಿಲ್ಲ. ಆಮೇಲೆ ಏಡಿಯೂ ಆದೆ. ಬೆನ್ನು ಕೆಳಗೆ, ಹೊಟ್ಟೆ ಆಕಾಶಕ್ಕೆ, ಕೈಕಾಲು ಊರಿ ಅಡ್ಡಡ್ಡ. ಎಂಥ ಆನಂದ!

ಆಗ ಬೇಲಿಯ ಆಚೆಯಿಂದ ಒಂದು ದನಿ ಬಂತು: "ಪಾತ್ರೆ ಅಂಗ್ಡಿ ಮಾದೇವಣ್ಣೋರಲ್ವಾ?"

ನಮ್ಮ ಖಾಯಂ ಗಿರಾಕಿ! ಚನ್ನಪಟ್ಟಣದ ನೆಂಟರ ಮನೆಗೆ ಬಂದಿದ್ದವರು. ನಾನು ಏಡಿಯ ಭಂಗಿಯಲ್ಲೇ ನಮಸ್ಕಾರ ಮಾಡಲು ಒಂದು ಕೈ ಎತ್ತಿದೆ. ಮಿಕ್ಕ ಮೂರು ಕಂಬಕ್ಕೆ ಭಾರ ತಡೆಯಲಾಗಲಿಲ್ಲ. ದೊಪ್ಪೆಂದು ಬಿದ್ದೆ.

"ಏನಾರ ಹರಕೆನಾ ಅಣ್ಣ?" ಎಂದು ಅವರು ಮರುಕದಿಂದ ಕೇಳಿದರು.

ಆ ಕ್ಷಣವೇ ಮಣ್ಣು ಕೊಡವಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ರಂಜು ಹಿಂದಿನಿಂದ "ಮಾವ, ಚೆನ್ನಾಗಿ ಮಾಡ್ತಿದ್ದೆ ಕಣೋ!" ಎಂದು ಕೂಗಿದಳು. ತಿರುಗಿ ನೋಡಲಿಲ್ಲ. ಕನಕಪುರದಲ್ಲಿ ನನಗೊಂದು ಘನತೆ ಇದೆ. ಅದನ್ನು ಕಾಪಾಡಿಕೊಳ್ಳಲು ಸೋಮವಾರ ಮತ್ತೆ ಡಂಬೆಲ್ ಎತ್ತಿದೆ.

ಮದುವೆ ಹತ್ತಿರ ಬಂದಾಗ ತಾಲೀಮು ಆಗಬೇಕಲ್ಲ? ರಂಜುವಿನಷ್ಟೇ ತೂಕದ, ನನ್ನನ್ನು ಬೈದರೂ ಬಿಟ್ಟುಹೋಗದ ಹೆಂಗಸು ಒಬ್ಬಳೇ. ಮಂಚದ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಸುಜಾತಳ ಮುಂದೆ ಹೋಗಿ ನಿಂತೆ.

"ನಿನ್ನ ಎತ್ತಬೇಕು."

"ಯಾಕೆ? ಏನ್ ಬಂತು ಈಗ?"

"ತಾಲೀಮು ಕಣೇ."

"ಬೀಳ್ಸಿದ್ರೆ ನಮ್ಮವ್ವನ ಮನೇಗೆ ಹೊಂಟೋಯ್ತೀನಿ, ನೋಡ್ಕಳಿ ಮತ್ತೆ."

ಎತ್ತಿದೆ! ಅವಳು ಕೈಯಲ್ಲಿ ಹುಣಸೆಹಣ್ಣಿನ ಮೊರ ಹಿಡಿದೇ ಮೇಲೇರಿದಳು. ನಡುಮನೆಯಲ್ಲಿ ಎರಡು ಸುತ್ತು ಹಾಕಿ, ಬೀರುವಿನ ಕನ್ನಡಿಯ ಮುಂದೆ ನಿಂತು ನನ್ನನ್ನು ನಾನೇ ನೋಡಿಕೊಂಡು, ಮತ್ತೆ ಮಂಚದ ಮೇಲೆ ಹೂವಿನ ಹಾಗೆ ಇಳಿಸಿದೆ. ಸುಜಾತ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ನಾಚಿಕೊಂಡಿದ್ದಳು! ಮದುವೆಯಾಗಿ ಇಷ್ಟು ವರ್ಷವಾದಮೇಲೆ! ಆಮೇಲೆ ಪ್ರತಿದಿನ ಸಂಜೆ ತಾಲೀಮು ನಡೆಯಿತು. ಮಂಚದಿಂದ ಎತ್ತುವುದು, ಮಂಚಕ್ಕೆ ಇಳಿಸುವುದು. ಒಂದೇ ಒಂದು ದಿನವೂ ತಪ್ಪಲಿಲ್ಲ.

ಓದುಗರಲ್ಲಿ ಜಾಣರಿದ್ದರೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲಿಲ್ಲ. ನಮ್ಮ ಹಳೇ ಕಾಲದ ಮಂಚ ಸೊಂಟದೆತ್ತರಕ್ಕೆ ಇತ್ತು. ಹಸೆಮಣೆ ಎನ್ನುವುದು ನೆಲದಿಂದ ನಾಲ್ಕು ಬೆರಳು ಎತ್ತರದ ಹಲಗೆ!

ಮದುವೆ ಕನಕಪುರದ ಕಲ್ಯಾಣ ಮಂಟಪದಲ್ಲೇ. ನನ್ನ ರೇಷ್ಮೆ ಶರಟಿಗೆ ಅರ್ಧ ತೋಳು ಇಡಿಸಿ, ಅದನ್ನೂ ಬಿಗಿಯಾಗಿ ಹೊಲಿಸಿದ್ದೆ. ಬೆನ್ನ ಮೇಲೆ ಹರಡಿಕೊಳ್ಳಲು ಜರಿಯ ಶಲ್ಯ, ಕೆಳಗೆ ಜರಿ ಪಂಚೆ. ಟೈಲರ್ "ಉಸುರಾಡಕ್ಕೆ ಒಸಿ ಜಾಗ ಬುಡವಾ ಸಾರ್?" ಎಂದು ಕೇಳಿದ್ದ. ಬೇಡ ಎಂದಿದ್ದೆ. ಕುಮಾರ ಬಾಗಿಲಲ್ಲೇ ಸಿಕ್ಕಿದ. ನನ್ನ ತೋಳು ನೋಡಿ ತನ್ನ ತೋಳನ್ನೂ ಒಮ್ಮೆ ಸವರಿಕೊಂಡ. ನನ್ನ ಅಷ್ಟೂ ತಿಂಗಳ ಶ್ರಮಕ್ಕೆ ಅದೇ ಪ್ರಶಸ್ತಿ.

"ಆದ್ರೂ ನಾನು ಅಲ್ಲೇ ಮಗ್ಗುಲಲ್ಲಿ ಇರ್ತೀನಿ ಬುಡಣ್ಣ," ಎಂದ.

"ಇರ್ಲಾ, ಕಣ್ತುಂಬ ನೋಡ್ಲಾ."

ವಾಲಗ ಶುರುವಾಯಿತು. ಕೋಣೆಯ ಬಾಗಿಲಲ್ಲಿ ರಂಜು ನಿಂತಿದ್ದಳು. ತಲೆತುಂಬ ಹೂವು, ಹಣೆಗೆ ಬಾಸಿಂಗ, ಮೈತುಂಬ ರೇಷ್ಮೆ. ನನ್ನ ಕಣ್ಣು ಮಂಜಾಯಿತು. ಆಸ್ಪತ್ರೆಯಲ್ಲಿ ಒಂದು ಕೈಯಲ್ಲಿ ಹಿಡಿದಿದ್ದ ಮಗು ಇದೇ ತಾನೇ ಎನಿಸಿತು. ಅವಳು ನನ್ನ ಕಿವಿಯಲ್ಲಿ, "ಮಾವ, ಆಗದೆ ಹೋದ್ರೆ ಹೇಳ್ಬುಡು, ನಡ್ಕೊಂಡೇ ಬತ್ತೀನಿ," ಎಂದಳು. "ಬಾಯ್ಮುಚ್ಚು!" ಎಂದು ಹೇಳಿ ಎತ್ತಿಯೇಬಿಟ್ಟೆ!

ಜನರ ಗುಂಪಿನಿಂದ ಹೋ ಎಂಬ ಸದ್ದು. ಶಿಳ್ಳೆ ಬೇರೆ! ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಗಂಭೀರವಾಗಿ ಹೆಜ್ಜೆ ಇಟ್ಟೆ. ಫೋಟೋಗ್ರಾಫರ್ ಹಿಂದುಹಿಂದಕ್ಕೆ ನಡೆಯುತ್ತ, "ಸಾರ್, ಒಂದ್ನಿಮ್ಷ ಅಂಗೇ ನಿಂತ್ಕಳಿ. ಒಸಿ ಈ ಕಡೆ. ತೋಳು ಕಾಣ್ಲಿ," ಎಂದ. ತೋಳು ಕಾಣಲಿ ಎಂದಮೇಲೆ ನಿಲ್ಲದಿರಲು ಆಗುತ್ತದೆಯೇ? ನಿಂತೆ. ಮತ್ತೆ ನಿಂತೆ. ವೀಡಿಯೋದವನಿಗಾಗಿ ಇನ್ನೊಮ್ಮೆ ನಿಂತೆ. ಸುತ್ತು ಮುಗಿದು ಹಸೆಮಣೆಯ ಮುಂದೆ ಬಂದಾಗ ತೋಳು ಸಣ್ಣಗೆ ನಡುಗುತ್ತಿತ್ತು. ಎದುರಿಗೆ ಅಂತರಪಟ ಹಿಡಿದಿದ್ದರು, ಅದರ ಆಚೆ ಮದುವೆ ಗಂಡು ಕೂತಿದ್ದ.

"ಇಳ್ಸಿ," ಎಂದರು ಪುರೋಹಿತರು.

ಕೆಳಗೆ ನೋಡಿದೆ. ಹಸೆಮಣೆ ಪಾತಾಳದಲ್ಲಿತ್ತು! ಮಂಡಿಗೆ ಮೌನವಾಗಿ ಮನವಿ ಸಲ್ಲಿಸಿದೆ. ತಿರಸ್ಕೃತವಾಯಿತು. ಸೊಂಟವನ್ನು ಕೇಳಿದೆ. ಅದು ತನಗೆ ಸಂಬಂಧವೇ ಇಲ್ಲವೆಂದಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ನನ್ನ ವ್ಯಾಪಾರಿ ಬುದ್ಧಿ ಓಡಿತು. ಹೊತ್ತು ಕಳೆಯಬೇಕು!

"ಇನ್ನೊಂದು ಸುತ್ತು!" ಎಂದು ಘೋಷಿಸಿ ಹೊರಟೇಬಿಟ್ಟೆ.

"ಆಹಾ, ಮಾವ ಅಂದ್ರೆ ಹಿಂಗಿರಬೇಕು!" ಎಂದು ಯಾರೋ ಹೆಂಗಸು ಹೇಳಿದ್ದು ಕೇಳಿಸಿತು. ವಾಲಗದವರಿಗೆ ಹುರುಪು ಬಂದು ಇನ್ನಷ್ಟು ಜೋರಾಗಿ ಊದಿದರು. ಮತ್ತೆ ಹಸೆಮಣೆ ಬಂತು. ಅದು ಇನ್ನೂ ಕೆಳಗಿಳಿದಿತ್ತು. ಮತ್ತೊಂದು ಸುತ್ತು ಹೊರಟೆ! ಕೈಯಲ್ಲಿದ್ದ ರಂಜು ಮುಖದಲ್ಲಿ ನಗು ಇಟ್ಟುಕೊಂಡೇ ತುಟಿಯ ಸಂದಿನಲ್ಲಿ ಕೇಳಿದಳು:

"ಮಾವ, ಎಲ್ಲಿಗೆ ಹೋಯ್ತಿದೀವಿ?"

"ಗೊತ್ತಿಲ್ಲ ಕಣವ್ವ! ಇಳ್ಸಕ್ಕೆ ಆಯ್ತಿಲ್ಲ!"

"ಸೊಂಟ ಹಿಂದಕ್ಕೆ ತಳ್ಳು. ಮಂಡಿ ಮಡ್ಚು."

"ಮಂಡಿ ಬತ್ತಿಲ್ಲ!"

ಪುರೋಹಿತರ ಸಹನೆ ಮುಗಿಯಿತು. "ಸ್ವಾಮಿ, ಮುಹೂರ್ತ ಮೀರಿಹೋಗುತ್ತೆ! ಇದೇನು ಜಾತ್ರೆಯೇ, ಸುತ್ತುತ್ತಲೇ ಇದ್ದೀರಲ್ಲ! ಇಳಿಸಿ ಮೊದಲು!" ಕುಮಾರ ಎರಡೂ ಕೈ ಚಾಚಿಕೊಂಡು ಮುಂದೆ ಬಂದ. "ಅಣ್ಣ, ನಂಗೆ ಕೊಟ್ಬುಡಣ್ಣ." ದೂರದಲ್ಲಿ ಸುಜಾತ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಹೆದರಿಕೆಗೋ ನಗುವಿಗೋ ತಿಳಿಯಲಿಲ್ಲ. ಇಷ್ಟು ವರ್ಷ ಕಾದ ಹಕ್ಕನ್ನು ಹಸೆಮಣೆಗೆ ಒಂದು ಗಜ ದೂರದಲ್ಲಿ ಕುರಿ ಕುಮಾರನ ಕೈಗೆ ಕೊಡುವುದೇ? ಪ್ರಾಣ ಹೋದರೂ ಇಲ್ಲ! ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಶಿವ ಶಿವಾ ಎಂದು ಕೆಳಗಿಳಿಯಲು ಹೊರಟೆ.

ಪಂಚೆಯ ಅಂಚು ಕಾಲಿಗೆ ಸಿಕ್ಕಿತು.

ಮುಂದಿನದೆಲ್ಲ ಒಂದೇ ಕ್ಷಣದಲ್ಲಿ ನಡೆಯಿತು. ನನ್ನ ಎರಡೂ ಮಂಡಿಗಳು ಧಡ್ಡೆಂದು ನೆಲಕ್ಕೆ ಬಡಿದವು. ಬಿಗಿಯಾಗಿ ಹೊಲಿಸಿದ್ದ ಶರಟು ಎರಡೂ ಕಂಕುಳಲ್ಲಿ ಪರ್ರೆಂದಿತು. ನಾನು ಮುಂದಕ್ಕೆ ಮುಗ್ಗರಿಸಿದೆ. ಬೇರೆ ಹೆಣ್ಣಾಗಿದ್ದರೆ ಕೆಳಗೆ ಬಿದ್ದಿರುತ್ತಿದ್ದಳು. ಆದರೆ ಕಬಡ್ಡಿಯಲ್ಲಿ ಎದುರಾಳಿಗಳ ಕೈಯಿಂದ ಜಾರಿ ಬರುವುದರಲ್ಲಿ ಪಳಗಿದ ರಂಜು, ನನ್ನ ಹೆಗಲಿಗೆ ಕೈ ಊರಿ, ರೇಷ್ಮೆ ಸೀರೆಯಲ್ಲೇ ಮೈ ಹೊರಳಿಸಿ, ನನ್ನ ಬೆನ್ನ ಮೇಲೆ ಅಡ್ಡಲಾಗಿ ಕೂತೇಬಿಟ್ಟಳು! ನಾನು ಕೈಕಾಲು ನಾಲ್ಕನ್ನೂ ಊರಿ ನಿಂತಿದ್ದೆ. ಅಂತರಪಟದ ಅಂಚಿನಿಂದ ಮದುವೆ ಗಂಡಿನ ಒಂದು ಕಣ್ಣು ಮಾತ್ರ ಇಣುಕಿತು.

"ಕಾಲು ನೆಲಕ್ಕೆ ತಾಗ್ತಾ?" ಎಂದು ಯಾರೋ ಮುದುಕರು ಕೂಗಿದರು.

"ಇಲ್ಲ!" ಎಂದು ರಂಜು ಮೇಲಿನಿಂದಲೇ ಕಾಲ್ಗೆಜ್ಜೆ ಎತ್ತಿ ತೋರಿಸಿದಳು. ಆಮೇಲೆ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು: "ಮಾವ, ಇನ್ನೊಂಚೂರೇ ಐತೆ. ನಡಿ. ನೀನೇ ಕರ್ಕೊಂಡೋಗು. ಕುಮಾರ ಮಾವ ಬೇಡ."

ಆ ಮಾತಿಗೆ ನನಗೆ ಎಲ್ಲಿಲ್ಲದ ಶಕ್ತಿ ಬಂತು! ಘನತೆ ಹಾಳಾಗಿಹೋಗಲಿ! ಒಂದು ಕೈ ಮುಂದಿಟ್ಟೆ, ಒಂದು ಮಂಡಿ ಎಳೆದೆ. ಇನ್ನೊಂದು ಕೈ, ಇನ್ನೊಂದು ಮಂಡಿ. ಇಡೀ ಕಲ್ಯಾಣ ಮಂಟಪ ನೋಡುತ್ತಿರುವಾಗ, ಹರಿದ ಶರಟಿನಲ್ಲಿ, ಹೆಣ್ಣನ್ನು ಹೊತ್ತು ತೆವಳಿದೆ. ಹಸೆಮಣೆಯ ಪಕ್ಕಕ್ಕೆ ಬಂದಾಗ ರಂಜು ನನ್ನ ಬೆನ್ನಿನಿಂದ ಹಾಗೆಯೇ ಜಾರಿ ಮಣೆಯ ಮೇಲೆ ಕೂತಳು. ಮಂಚದಿಂದ ಇಳಿದಷ್ಟು ಸಲೀಸು! ಚಪ್ಪಾಳೆಯೋ ಚಪ್ಪಾಳೆ! ಅಕ್ಕ ಜೋರಾಗಿ ಅಳುತ್ತ, "ಹೊತ್ಕೊಂಡು ಬಂದ ಕಣಪ್ಪ ನನ್ ತಮ್ಮ!" ಎಂದು ಹೇಳುತ್ತಿದ್ದಳು. ನನ್ನ ಜೀವನದಲ್ಲಿ ಅಷ್ಟು ಸಂತೋಷ ನನಗೆ ಇನ್ನೊಮ್ಮೆ ಆಗಿಲ್ಲ. ಕುಮಾರನೂ ಶಿಳ್ಳೆ ಹಾಕಿದ ಎಂದು ಆಮೇಲೆ ತಿಳಿಯಿತು.

ಇಲ್ಲಿಗೆ ಮುಗಿದಿದ್ದರೆ ನಾನು ವೀರನಾಗಿ ಉಳಿಯುತ್ತಿದ್ದೆ. ಮುಗಿಯಲಿಲ್ಲ. ನಾನು ಏಳಬೇಕಿತ್ತಲ್ಲ!

ಏಳಲು ನೋಡಿದೆ, ಸೊಂಟ ಹಿಡಿದುಕೊಂಡುಬಿಟ್ಟಿತ್ತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕುಮಾರ ನನ್ನನ್ನು ಎಳೆಯಲು ಬಂದ. ಪುರೋಹಿತರು "ಮುಹೂರ್ತ, ಮುಹೂರ್ತ! ಯಾರೂ ಅಡ್ಡ ಬರಬೇಡಿ!" ಎಂದು ಅವನನ್ನು ಓಡಿಸಿದರು. ಧಾರೆಗೆ ಜನ ಮುತ್ತಿಕೊಂಡರು. ಮಂಟಪದಲ್ಲಿ ಒಂದು ಅಂಗುಲ ಜಾಗವಿಲ್ಲ. ಪುರೋಹಿತರು ಮಂತ್ರ ಹೇಳುತ್ತ ಹೇಳುತ್ತ, ಅಕ್ಷತೆಯ ತಟ್ಟೆ ಇಡಲು ಜಾಗಕ್ಕಾಗಿ ಅತ್ತಿತ್ತ ನೋಡಿದರು. ಜರಿ ಶಲ್ಯ ಹೊದ್ದ, ಅಗಲವಾದ, ಸಮತಟ್ಟಾದ ಒಂದು ವಸ್ತು ಅವರ ಕಣ್ಣಿಗೆ ಬಿತ್ತು. ತಟ್ಟೆ ಇಟ್ಟರು. ಸ್ವಲ್ಪ ಹೊತ್ತಿಗೆ ಅದರ ಪಕ್ಕದಲ್ಲಿ ತೆಂಗಿನಕಾಯಿ ಬಂತು. ಆಮೇಲೆ ಹಾಲಿನ ತಂಬಿಗೆ. ನಮ್ಮ ಅಂಗಡಿಯದೇ!

ಗಟ್ಟಿಮೇಳ ಮೊಳಗಿತು. ತಾಳಿ ಕೊರಳಿಗೆ ಬಿತ್ತು. ನಾನು ನೋಡಿದ್ದು ಮದುವೆ ಗಂಡಿನ ಕಾಲ್ಬೆರಳು ಮಾತ್ರ. ಅಲುಗಿದರೆ ಹಾಲು ಚೆಲ್ಲುತ್ತದೆ ಎಂದು ಉಸಿರು ಬಿಗಿಹಿಡಿದಿದ್ದೆ. ಉಸಿರು ಬಿಗಿಹಿಡಿಯುವುದೊಂದನ್ನು ಜಿಮ್ಮಿನಲ್ಲಿ ಚೆನ್ನಾಗಿ ಕಲಿತಿದ್ದೆ.

ಎಲ್ಲ ಮುಗಿದಮೇಲೆ ನನ್ನನ್ನು ಆ ಭಂಗಿಯಲ್ಲೇ ಕೋಣೆಗೆ ಎತ್ತಿಕೊಂಡು ಹೋದವರು ಇಬ್ಬರು: ತಲೆಯ ಕಡೆ ಕುಮಾರ, ಕಾಲಿನ ಕಡೆ ಮದುಮಗಳು. ಎಣ್ಣೆ ಹಚ್ಚಿ, ಬಿಸಿನೀರು ಹಾಕಿ ನೆಟ್ಟಗೆ ಮಾಡಿದವಳು ಸುಜಾತ. ಈಗ ದಿನವೂ ಸಂಜೆ ರಂಜು ಫೋನಿನಲ್ಲೇ ನನಗೆ ಪಾಠ ಹೇಳುತ್ತಾಳೆ. ನಡುಮನೆಯಲ್ಲಿ ಉರುಳುತ್ತೇನೆ, ಬಾಗಿಲ ಚೌಕಟ್ಟಿಗೆ ನೇತುಬೀಳುತ್ತೇನೆ, ಮಂಡಿ ಮಡಚುತ್ತೇನೆ. ಕನ್ನಡಿಯಿದ್ದ ಬೀರುವನ್ನು ಸುಜಾತ ಒಳಕೋಣೆಗೆ ತಳ್ಳಿಸಿದ್ದಾಳೆ.

ಮೊನ್ನೆ ಮದುವೆಯ ಆಲ್ಬಮ್ ಬಂತು. ಅದರಲ್ಲಿ ದೊಡ್ಡ ಫೋಟೋ ಎಂದರೆ ತಾಳಿ ಕಟ್ಟುವಾಗಿನದು. ಸುಜಾತ ಅದನ್ನು ಮೊಬೈಲಿನಲ್ಲಿ ತೆಗೆದು ನೆಂಟರಿಗೆಲ್ಲ ಕಳಿಸಿದಳು. ಅದರಲ್ಲಿ ನನ್ನ ತೋಳು ಎಲ್ಲೂ ಇಲ್ಲ. ಸ್ವಲ್ಪ ಹೊತ್ತಿಗೆ ಮಾಗಡಿಯ ಅವಳ ದೊಡ್ಡಮ್ಮನ ಫೋನು ಬಂತು. ಮದುವೆಗೆ ಬರಲಾಗದಿದ್ದವರು. ಸ್ಪೀಕರಿನಲ್ಲಿ ಅವರ ದನಿ ಮನೆಯೆಲ್ಲ ಕೇಳುತ್ತಿತ್ತು:

"ಫೋಟೋ ಬೋ ಚೆಂದಾಗೈತೆ ಕಣವ್ವ. ಅಲ್ಲಾ, ತಟ್ಟೆ ತಂಬ್ಗೆ ಇಟ್ಟಿದ್ದೀರಲ್ಲ, ಜರಿ ಬಟ್ಟೆ ಹಾಸಿರೋ ಗಿಡ್ಡ ಮೇಜು, ಅದೆಲ್ಲಿ ಸಿಕ್ತವ್ವ? ನಮ್ ಮೊಮ್ಮಗಳ ಮದ್ವೇಗೂ ಬೇಕಾಗಿತ್ತು."

ಸುಜಾತ ನನ್ನ ಕಡೆ ಒಮ್ಮೆ ನೋಡಿ, ಒಂದಿಷ್ಟೂ ನಗದೆ ಹೇಳಿದಳು: "ಅದು ನಮ್ಮನೇದೇ ದೊಡ್ಡವ್ವ. ಬೇಕಾದ್ರೆ ಕಳುಸ್ಕೊಡ್ತೀನಿ. ಆದ್ರೆ ಎತ್ಕೊಂಡೋಗಕ್ಕೆ ಇಬ್ರು ಬೇಕಾಯ್ತದೆ."

ನಾನು ಕುಕ್ಕರಗಾಲಲ್ಲಿ ಕೂರುವ ಅಭ್ಯಾಸದಲ್ಲಿದ್ದೆ. ಕೆಂಡಾಮಂಡಲ ಸಿಟ್ಟು ಬಂತು! ಎದ್ದು ಹೋಗಿ ಆ ಫೋನನ್ನು ಕಿತ್ತುಕೊಳ್ಳಬೇಕೆಂದುಕೊಂಡೆ. ಆದರೆ ರಂಜು ಇನ್ನೂ ಕೂರುವುದನ್ನಷ್ಟೇ ಹೇಳಿಕೊಟ್ಟಿದ್ದಳು. ಏಳುವ ಪಾಠ ಮುಂದಿನ ವಾರವಂತೆ!